ಕೆಂಚಿಯ ಪಥ್ಯ

ಕುರುಗೋಡಿನ ದನದ ಹಿಂಡಿ ಅಂಗಡಿ ದೊಡ್ಡಬಸಪ್ಪ ಬೆಕ್ಕನ್ನು ಬುಟ್ಟಿಯಲ್ಲಿ ಕೂರಿಸಿಕೊಂಡು ಸಿರುಗುಪ್ಪದ ಬಸ್ಸು ಹತ್ತಿದ ಅಂದರೆ ಊರು ನಂಬಲಿಲ್ಲ. ನಂಬುವುದಾದರೂ ಹೇಗೆ? ಮೂರು ವರ್ಷದ ಹಿಂದೆ, ಎಪ್ಪತ್ತೈದರಲ್ಲಿ, ಮಗಳು ಸುವರ್ಣ ಹೊಳೆಯಲ್ಲಿ ಮೀನು ಹಿಡಿಯುವ ಮನೆತನದ ಎರ್ರಣ್ಣನನ್ನು ಕಟ್ಟಿಕೊಂಡು ಸಿರುಗುಪ್ಪ ಸೇರಿದಾಗ, "ನನ್ನ ಪಾಲಿಗೆ ಆಕಿ ಇಲ್ಲ" ಎಂದು ನಾಲ್ಕು ಮಂದಿ ಕೇಳುವಂತೆ ಕೂಗಿದ ಮನುಷ್ಯ ಆತ. ತಾಯಿಯಿಲ್ಲದ ಮಗಳನ್ನು ತಾನೇ ಜಡೆ ಹೆಣೆದು ಬೆಳೆಸಿದವನು. ಬಾಯಿ ಬಿಗಿದುಕೊಂಡ, ಸರಿ. ಕರುಳು ಬಿಗಿದುಕೊಳ್ಳುವುದು ಅಷ್ಟು ಸಲೀಸೇ?

ಕೆಂಚಿ ಸುವರ್ಣ ಸಾಕಿದ ಬೆಕ್ಕು. ಅದಕ್ಕೀಗ ಮುಪ್ಪು. ಹಲ್ಲು ಉದುರಿ ಇಲಿ ಹಿಡಿಯುವುದನ್ನೂ ಬಿಟ್ಟಿತ್ತು. ಲಿಂಗ ಕಟ್ಟಿದವರ ಮನೆ, ಮೂರು ಹೊತ್ತೂ ಹಾಲನ್ನ. ಬರಬರುತ್ತ ಮೈ ಒಣಗಿ ಹೊಟ್ಟು ಏಳತೊಡಗಿತು. ಬೆನ್ನು ಸವರಿದರೆ ಅಂಗೈಗೆಲ್ಲ ತೌಡಿನಂಥ ಬಿಳಿ ಪುಡಿ. ದೊಡ್ಡಬಸಪ್ಪ ಕೊಬ್ಬರಿ ಎಣ್ಣೆ ಹಚ್ಚಿದ, ನೆಕ್ಕಿ ಮುಗಿಸಿತು. ಹಾಲಿಗೆ ತುಪ್ಪ ಸುರಿದ, ಭೇದಿಯಾಯಿತು. ಇದೂ ಹೋದರೆ ಮನೆಯಲ್ಲಿ ಮಗಳದು ಅಂತ ಏನುಳಿಯಿತು ಎಂದು ಅವನ ಚಿಂತೆ.

ಕಡೆಗೆ ದನದ ಆಸ್ಪತ್ರೆಗೆ ಒಯ್ದ. ಕಾಂಪೌಂಡರ್ ಚಿದಾನಂದಪ್ಪ ರೋಮ ಬಿಡಿಸಿ ನೋಡಿ ನಕ್ಕುಬಿಟ್ಟ.

"ಹುಳ ಇಲ್ಲ, ಕಜ್ಜಿ ಇಲ್ಲ. ಇದಕ್ಕೂ ದೀಕ್ಷಾ ಕೊಡಿಸೀರೇನ್ರಿ? ಬರೇ ಹಾಲನ್ನ ತಿಂದು ಬದುಕೋ ಜೀವ ಅಲ್ಲ ಇದು. ವಾರಕ್ಕ ಎರಡು ಸಲ ಹೊಳಿ ಮೀನು ಕುದಿಸಿ, ಮುಳ್ಳು ತೆಗೆದು, ತೊಗಲು ಸಮೇತ ಹಾಕ್ರಿ. ಉಪ್ಪು ಖಾರ ಬ್ಯಾಡ. ಎರಡು ತಿಂಗಳಾಗ ಮೈ ಮಿಂಚತೈತಿ."

"ಶಿವಶಿವಾ! ನಮ್ಮನ್ಯಾಗ ಮೀನಾ?"

"ನಿಮ್ಮನ್ಯಾಗ ಬ್ಯಾಡ್ರಿ. ಮೀನು ಕುದಿಸೋ ಮನಿ ಒಂದೂ ಗೊತ್ತಿಲ್ಲೇನು ನಿಮಗ?"

ಗೊತ್ತಿತ್ತು. ಒಂದೇ ಒಂದು ಗೊತ್ತಿತ್ತು.

"ಎರಡು ತಿಂಗಳ ಪಥ್ಯ ಅಷ್ಟ. ಅದು ಮುಗಿದ ಮ್ಯಾಲ ಆ ಕಡಿ ತಲಿ ಹಾಕಿ ಮಲಗಾಂಗಿಲ್ಲ" ಎಂದು ಅಂಗಡಿಗೆ ಬಂದವರಿಗೆಲ್ಲ ತಾನಾಗಿಯೇ ಹೇಳಿದ. ಯಾರು ಕೇಳಿದ್ದರು?

ಸಿರುಗುಪ್ಪದಲ್ಲಿ ಬಾಗಿಲು ತೆರೆದ ಸುವರ್ಣ ಹಾಗೇ ನಿಂತುಬಿಟ್ಟಳು. ಸೊರಗಿದ್ದಳು.

"ಬೆಕ್ಕಿನ ಸಲುವಾಗಿ ಬಂದೀನಿ. ನಿನ್ನ ಸಲುವಾಗಿ ಅಲ್ಲ" ಎಂದು ದೊಡ್ಡಬಸಪ್ಪ ಹೊರಗಿನ ಕಟ್ಟೆಯ ಮೇಲೆ ಕುಳಿತ. ಎಂಥ ಸುಳ್ಳು! ಬಸ್ಸು ತೆಕ್ಕಲಕೋಟೆ ದಾಟಿದಾಗಿನಿಂದ ಎದೆ ಡವಡವ ಹೊಡೆದುಕೊಂಡಿದ್ದು ಬೆಕ್ಕಿಗಾಗಿಯೇ?

ಪಥ್ಯದ ಮಾತು ಕೇಳಿ ಸುವರ್ಣ ಮೀನು ಕುದಿಸಿ ತಂದಿಟ್ಟಳು; ಕೆಂಚಿ ತಟ್ಟೆಯನ್ನು ಹೊಳೆಯುವಂತೆ ನೆಕ್ಕಿತು. ಸುವರ್ಣ ತಲೆ ತಗ್ಗಿಸಿ, "ಇದನ್ನ ಇಲ್ಲೇ ಬಿಟ್ಟು ಹೋಗಪ್ಪಾ. ಯಾಕ ಬಸ್ಸಿನಾಗ ಒದ್ದಾಡತೀ? ನಾನ ನೋಡಿಕೊಂತೀನಿ" ಅಂದಳು.

"ಬ್ಯಾಡ ಬ್ಯಾಡ! ಬುಧವಾರ, ಆಯ್ತವಾರ ನಾನ ತರತೀನಿ."

ಬಿಟ್ಟುಹೋದರೆ ಮತ್ತೆ ಬರುವುದು ಯಾವ ನೆಪದಿಂದ?

ಹೀಗೆ ವಾರಕ್ಕೆರಡು ಸಲ ಬುಟ್ಟಿ, ಬಸ್ಸು, ಕಟ್ಟೆ. ಎರ್ರಣ್ಣ ಮುಂಜಾನೆಯೇ ಮೀನು ತಂದಿಟ್ಟು, ಮಾವನಿಗೆ ಮುಜುಗರ ಆಗಬಾರದೆಂದು ಹೊರಗೆ ಹೋಗಿಬಿಡುತ್ತಿದ್ದ. ಅಪ್ಪ ಮಗಳ ಮಾತೆಲ್ಲ ಬೆಕ್ಕಿನದೇ. ತಿಂತಾ? ತಿಂತು. ನಿದ್ದೆ? ಮಾಡತೈತಿ. "ನೀನು ಉಂಡ್ಯಾ ಮಗಳ?" ಎಂಬ ಮಾತು ಪ್ರತಿ ಸಲ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಲ್ಲುತ್ತಿತ್ತು.

ಒಂದೂವರೆ ತಿಂಗಳಿಗೇ ಹೊಟ್ಟು ಕಡಿಮೆಯಾಯಿತು. ಹೊಸ ರೋಮ ಬಂತು. ಬೆಕ್ಕು ಗುಣವಾಗುತ್ತಿದೆಯೆಂದು ಕೊರಗುವ ಮನುಷ್ಯನನ್ನು ಕಂಡಿದ್ದೀರಾ? ದೊಡ್ಡಬಸಪ್ಪ ಕೊರಗಿದ. ಬೆಳಿಗ್ಗೆ ಎದ್ದು ಅದರ ಬೆನ್ನು ಸವರಿ ಅಂಗೈ ನೋಡಿಕೊಳ್ಳುವನು, ಒಂದು ಚೂರಾದರೂ ಪುಡಿ ಇರಲಪ್ಪಾ ದೇವರೇ ಅನ್ನುವನು.

ಎರಡು ತಿಂಗಳು ತುಂಬಿದ ಆಯ್ತವಾರ. ಕೆಂಚಿ ತಿಂದು ಬಿಸಿಲಿಗೆ ಮೈ ಚೆಲ್ಲಿತ್ತು, ಮೈಯೆಲ್ಲ ಫಳಫಳ. ದೊಡ್ಡಬಸಪ್ಪ ಅದನ್ನು ಮಗಳ ಕಡೆ ಸರಿಸಿದ.

"ನೋಡವಾ, ಹೊಟ್ಟು ಇನ್ನೂ ಐತೇನು? ನನಗ ಚಾಳೀಸು ಬಂದೈತಿ, ಕಾಣಂಗಿಲ್ಲ."

ಸುವರ್ಣ ಮೊದಲ ಸಲ ಅಪ್ಪನ ಪಕ್ಕಕ್ಕೆ ಬಂದು ಕುಳಿತಳು. ಕೆಂಚಿಯ ತಲೆಯಿಂದ ಬಾಲದವರೆಗೆ ರೋಮ ಬಿಡಿಸಿ ಬಿಡಿಸಿ ನೋಡಿದಳು. ಎಲ್ಲಿಯೂ ಏನೂ ಇರಲಿಲ್ಲ. ಅಪ್ಪನ ಮುಖ ನೋಡಿದಳು.

"ಐತಪ್ಪಾ" ಅಂದಳು. "ಭಾಳ ಐತಿ. ಇದು ಲಗೂನ ವಾಸಿ ಆಗೋದಲ್ಲ."

"ಹಂಗಾದ್ರ ಬುಧವಾರ ಬರಬೇಕಾತು" ಎಂದ ದೊಡ್ಡಬಸಪ್ಪ, ಮುಖ ಆಚೆ ತಿರುಗಿಸಿ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡ.