ಫೋನು ಹೇಳಿದ ಸ್ವಭಾವ

ನಿಮ್ಮ ಬೀದಿಯಲ್ಲೂ ಇದು ಶುರುವಾಗಿರಬಹುದು. ಯಾರೋ ಫೋನು ಹಿಡಿದು ಒಂದಷ್ಟು ಪ್ರಶ್ನೆಗಳಿಗೆ ಉತ್ತರ ಒತ್ತುತ್ತಾರೆ. "ನೀವು ಇಂಥ ಬಗೆಯ ಮನುಷ್ಯರು" ಎಂದು ಫೋನು ಹೇಳುತ್ತದೆ. ಅಲ್ಲಿಂದ ಮುಂದೆ ಮನೆಯಲ್ಲಿ ಯಾರು ಮುನಿಸಿಕೊಂಡರೂ, ಯಾರು ಪಾತ್ರೆ ತೊಳೆಯದೆ ಎದ್ದು ಹೋದರೂ, ಎಲ್ಲದಕ್ಕೂ ಆ ಬಗೆಯೇ ಕಾರಣವಾಗಿಬಿಡುತ್ತದೆ.

ನಮ್ಮ ಬೀದಿಯಲ್ಲಿ ಆ ಹುಚ್ಚು ಹತ್ತಿದ್ದು ಪಾರ್ಲರ್ ಅಕ್ಕನಿಗೆ.

ಅಕ್ಕನ ಅಂಗಡಿಯಲ್ಲಿ ಮೂರು ಕುರ್ಚಿ, ಎದುರಿಗೆ ಉದ್ದಕ್ಕೂ ಕನ್ನಡಿ, ಹಿಂದೆ ತಲೆ ತೊಳೆಯುವ ಸಿಂಕು, ಅದರಾಚೆ ಟವೆಲ್ ಒಣಗಿಸುವ ಕಿರುಕೋಣೆ. ಆಕೆಯ ಜೊತೆ ಕೆಲಸಕ್ಕೆ ಇಬ್ಬರು. ಒಬ್ಬಳು ಸ್ವಂತ ತಂಗಿ. ಮಾತು ಕಡಿಮೆ, ಕೈ ಬಲು ನಯ. ಇನ್ನೊಬ್ಬಳು ಗಂಡನ ತಂಗಿ. ಅವಳು ಒಳಗೆ ಮಾತಾಡಿದರೆ ಎದುರಿನ ಔಷಧಿ ಅಂಗಡಿಯವರು ಅಲ್ಲಿಂದಲೇ ಉತ್ತರ ಕೊಡುತ್ತಿದ್ದರು. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಮೈಕು. ಅವಳಿಗೂ ಆ ಹೆಸರು ಇಷ್ಟವೇ.

ಅಂಗಡಿ ಕೈ ಹಿಡಿಯಿತು. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಎರಡನೆಯ ಅಂಗಡಿ ತೆರೆಯುವ ಕಾಲ ಬಂತು. ಗೋಡೆಗೆ ಹೊಸ ಬಣ್ಣ ಬಿತ್ತು, ಕನ್ನಡಿಗಳು ಬಂದಿಳಿದವು. ಅಕ್ಕನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ದಿನಕ್ಕೊಮ್ಮೆ ಹೋಗಿ ಖಾಲಿ ಕುರ್ಚಿಯಲ್ಲಿ ಕೂತು, ಒಂದು ಸುತ್ತು ತಿರುಗಿ, ಒಬ್ಬಳೇ ನಕ್ಕು ಬರುತ್ತಿದ್ದಳು.

ಒಂದೇ ಒಂದು ಪ್ರಶ್ನೆ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಹೊಸ ಅಂಗಡಿಯನ್ನು ಯಾರಿಗೆ ಒಪ್ಪಿಸುವುದು? ತಂಗಿಗೆ ಒಪ್ಪಿಸಿದರೆ ಗಂಡನ ಮನೆಯವರು ಮೂಗು ಮುರಿಯುತ್ತಾರೆ. ನಾದಿನಿಗೆ ಒಪ್ಪಿಸಿದರೆ ತವರಿನಿಂದ ಅಮ್ಮನ ಫೋನು ಬರುತ್ತದೆ.

ಅಂಥ ಹೊತ್ತಿಗೆ ಸರಿಯಾಗಿ ಪಕ್ಕದ ಟೈಲರಮ್ಮ ಆ ಪರೀಕ್ಷೆಯನ್ನು ತಂದು ತೋರಿಸಿದಳು. ಲೋಕದ ಜನರೆಲ್ಲ ಎಂಟೇ ಬಗೆಯಂತೆ. ಪ್ರಶ್ನೆಗೆ ಹೌದು, ಇಲ್ಲ ಎಂದು ಒತ್ತುತ್ತಾ ಹೋದರೆ ಆಯಿತು, ನಿಮ್ಮ ಬಗೆ ಕೈಗೆ ಬಂತು. ಅಕ್ಕ ಒತ್ತಿದಳು. 'ದೀಪಸ್ತಂಭ' ಎಂದು ಬಂತು. "ನೀವು ಎಲ್ಲರಿಗೂ ದಾರಿ ತೋರುವವರು. ಆದರೆ ನಿಮ್ಮ ದಣಿವು ಯಾರ ಕಣ್ಣಿಗೂ ಬೀಳುವುದಿಲ್ಲ" ಎಂದು ಕೆಳಗೆ ಬರೆದಿತ್ತು. ಓದುತ್ತಿದ್ದಂತೆ ಅಕ್ಕನ ಕಣ್ಣು ತುಂಬಿತು.

"ನೋಡೇ, ನಮ್ಮನೆಯವರಿಗೆ ಇಷ್ಟು ವರ್ಷ ಗೊತ್ತಾಗದೆ ಇದ್ದಿದ್ದು ಈ ಫೋನಿಗೆ ಗೊತ್ತಾಗೋಯ್ತು" ಎಂದಳು.

ಆಮೇಲೆ ಕೇಳಬೇಕೆ? ಮೈಕುವಿಗೆ 'ಜಲಪಾತ' ಬಂತು. ಹುಟ್ಟಾ ನಾಯಕಿ, ಹತ್ತು ಜನರನ್ನು ಮುನ್ನಡೆಸುವವಳು. ತಂಗಿಗೆ 'ಬೆಳದಿಂಗಳು' ಬಂತು. ಸೂಕ್ಷ್ಮ ಮನಸ್ಸು, ಜನಜಂಗುಳಿ ಆಗದು, ಮುಂದಾಳತ್ವ ಒಗ್ಗದು. ಶಾಲೆಯ ವ್ಯಾನು ಓಡಿಸುವ ಗಂಡನನ್ನೂ ಅಕ್ಕ ಬಿಡಲಿಲ್ಲ. ಊಟಕ್ಕೆ ಕೂತವನನ್ನು ಹಿಡಿದು ಕೇಳಿ ಕೇಳಿ ಒತ್ತಿದಳು. ಅವನು 'ಬಂಡೆಗಲ್ಲು' ಆದ.

ಆ ರಾತ್ರಿಯ ಊಟದಲ್ಲೇ ಅಕ್ಕ ತೀರ್ಮಾನ ಹೇಳಿದಳು. "ಹೊಸ ಅಂಗಡಿ ಮೈಕು ನೋಡ್ಕೊಳ್ಲಿ. ಇದು ನಾನು ಹೇಳ್ತಿರೋದಲ್ಲ, ಪರೀಕ್ಷೆ ಹೇಳಿರೋದು. ಯಾರೂ ಬೇಜಾರು ಮಾಡ್ಕೋಬೇಡಿ."

ಗಂಡ ತುತ್ತು ನಿಲ್ಲಿಸಿದ. "ಅಲ್ಲ ಕಣೇ, ಬೆಟ್ಟ ಇಷ್ಟಾನಾ, ಸಮುದ್ರ ಇಷ್ಟಾನಾ ಅಂತ ಕೇಳಿ ಅಂಗಡಿ ಒಪ್ಪಿಸ್ತೀಯಾ?"

"ನೀವು ಬಂಡೆಗಲ್ಲು ರೀ. ಹೊಸದನ್ನ ಒಪ್ಪಲ್ಲ ಅಂತ ಅಲ್ಲೇ ಬರೆದಿದೆ" ಎಂದು ಅಕ್ಕ ಅವನ ಬಾಯಿ ಮುಚ್ಚಿಸಿದಳು.

ಮೈಕು ಕುಣಿದಾಡಿದಳು. ತಂಗಿ ತಟ್ಟೆ ಎತ್ತಿಕೊಂಡು ಎದ್ದಳು.

ಮಾರನೆಯ ದಿನದಿಂದ ತಂಗಿಯ ಕೈಯೇ ಬದಲಾಯಿತು. ಗಿರಾಕಿ ಕೂತರೆ ಸಾಕು, ಮುಖ ನೋಡಿಯೇ ಯಾವ ಕಟ್ ಒಪ್ಪುತ್ತದೆ ಎಂದು ಹೇಳುತ್ತಿದ್ದವಳು, ಈಗ "ಅಕ್ಕಾ, ಇಷ್ಟು ಕತ್ತರಿಸ್ಲಾ? ಸಾಕಾ?" ಎಂದು ಪ್ರತಿ ಸಲ ಕೇಳತೊಡಗಿದಳು. ಒಂದು ಬೆಳಿಗ್ಗೆ ಬಾಚಣಿಗೆ ತೊಳೆಯುತ್ತಾ, ತಲೆ ಎತ್ತದೆ ಹೇಳಿದಳು.

"ಬಸ್ ಸ್ಟ್ಯಾಂಡ್ ಹತ್ರದ ದೊಡ್ಡ ಸಲೂನ್‌ನವರು ಕರೀತಿದಾರೆ ಅಕ್ಕ. ಹೋಗ್ತೀನಿ."

ಅಕ್ಕ ಮಡಿಸುತ್ತಿದ್ದ ಟವೆಲನ್ನು ಕೆಳಗಿಟ್ಟಳು. "ಕೋಪಾನಾ?"

"ಕೋಪ ಏನಿಲ್ಲ. ಫೋನು ಹೇಳಿದ ಹಾಗೇ ನಾನು ಇರ್ಬೇಕು. ಅದನ್ನ ಓದಿದ ಮೇಲೆ ನನಗೂ ಹಾಗೇ ಅನ್ಸ್ತಿದೆ. ಅಲ್ಲಾದ್ರೆ ಹೇಳಿದಷ್ಟು ಮಾಡ್ಕೊಂಡು ಮೂಲೇಲಿ ಇರಬಹುದು."

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಕಾಲೇಜಿನ ಮೇಡಂ ಬಂದರು. ಅವರು ಮನಃಶಾಸ್ತ್ರ ಪಾಠ ಮಾಡುವವರು. ತಲೆಗೆ ಬಣ್ಣ ಹಚ್ಚಿಸಿಕೊಳ್ಳಲು ತಪ್ಪದೆ ಇಲ್ಲಿಗೇ ಬರುತ್ತಿದ್ದರು.

ಬಣ್ಣ ಹಚ್ಚುತ್ತಾ ಅಕ್ಕ ತಡೆಯಲಾರದೆ ಕೇಳಿದಳು. "ಮೇಡಂ, ನೀವು ಯಾವ ಬಗೆ? ನೋಡ್ಲಾ? ಈ ಪರೀಕ್ಷೆ ಸುಳ್ಳು ಹೇಳಲ್ಲ. ನನ್ನ ಒಳಗಿರೋದನ್ನೆಲ್ಲ ತೆಗೆದು ಕೈಗೆ ಕೊಟ್ಟಿದೆ."

ಮೇಡಂ ಕನ್ನಡಿಯಲ್ಲೇ ಆಕೆಯನ್ನು ನೋಡಿ ನಕ್ಕರು. "ಬಣ್ಣ ಹಿಡಿಯೋವರೆಗೂ ನಾನು ಎಲ್ಲೂ ಎದ್ದು ಹೋಗೋ ಹಾಗಿಲ್ಲ. ಒಂದು ಕೆಲಸ ಮಾಡೋಣ. ನಾನೂ ಸ್ವಭಾವ ಹೇಳ್ತೀನಿ. ನಿಮ್ಮೆಲ್ಲರ ನಡೆ ನುಡಿ ಎಷ್ಟೋ ದಿನದಿಂದ ನೋಡಿದೀನಿ. ಒಬ್ಬೊಬ್ಬರೇ ಟವೆಲ್ ಕೋಣೆಗೆ ಬನ್ನಿ, ಕಿವಿಯಲ್ಲಿ ಹೇಳ್ತೀನಿ. ಹೊರಗೆ ಬಂದು ಬಾಯಿ ಬಿಡಬಾರದು. ಎಷ್ಟು ಸರಿ ಅಂತ ಮಾತ್ರ ಹೇಳಿ."

ತಲೆಗೆ ಪ್ಲಾಸ್ಟಿಕ್ ಟೋಪಿ, ಹೆಗಲಿಗೆ ಕಪ್ಪು ಬಟ್ಟೆ ಹೊದ್ದೇ ಮೇಡಂ ಕಿರುಕೋಣೆಗೆ ನಡೆದರು. ಹೊರಗೆ ಗುಸುಗುಸು ಎದ್ದಿತು. ಮೊದಲು ಮೈಕು ಹೋದಳು. ಬರುವಾಗ ಕಣ್ಣರಳಿಸಿಕೊಂಡು, "ನೂರಕ್ಕೆ ನೂರು. ನನ್ನ ಹೆತ್ತಮ್ಮನಿಗೂ ಇಷ್ಟು ಗೊತ್ತಿಲ್ಲ" ಎಂದಳು. ರವಿಕೆಗೆ ಅಳತೆ ತೆಗೆದುಕೊಳ್ಳಲು ಬಂದಿದ್ದ ಟೈಲರಮ್ಮ ಹೋದಳು. ಹೊರಗೆ ಬಂದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ತಂಗಿ ಹೋಗಿ ಬಂದು, "ಹೇಗೆ ಗೊತ್ತಾಯ್ತು ಇವರಿಗೆ?" ಎಂದು ಗೋಡೆಗೊರಗಿ ನಿಂತಳು. ಕೊನೆಗೆ ಅಕ್ಕ. ಟವೆಲುಗಳ ನಡುವೆ ಮೇಡಂ ಹೇಳಿದ ಮಾತು ಕೇಳಿ ಆಕೆಗೆ ಮೈ ಜುಮ್ಮೆಂದಿತು. ಫೋನಿಗಿಂತ ಒಂದು ಕೈ ಮೇಲೆ ಅನ್ನಿಸಿತು.

ಮೇಡಂ ಬಂದು ಕುರ್ಚಿಯಲ್ಲಿ ಕೂತರು. "ಈಗ ಹೇಳ್ಕೊಳ್ಳಿ. ಮೈಕು, ನಾನು ನಿನಗೆ ಏನಂದೆ?"

"ನಿನಗೆ ಜನ ಬೇಕು, ಆದ್ರೆ ಒಂದೊಂದು ಸಲ ಯಾರೂ ಬೇಡ ಅನ್ಸುತ್ತೆ ಅಂದ್ರಿ. ಹೊರಗೆ ಗಟ್ಟಿ ಕಾಣ್ತೀಯ..."

"...ಒಳಗೆ ಅಳುಕ್ತೀಯ" ಎಂದು ಟೈಲರಮ್ಮ ತನಗೇ ಅರಿವಿಲ್ಲದೆ ಮುಗಿಸಿದಳು.

ಮೈಕು ಅವಳ ಕಡೆ ತಿರುಗಿದಳು. "ನಿಮಗೆ ಹೇಗೆ ಗೊತ್ತು?"

"ನನಗೂ ಅದನ್ನೇ ಹೇಳಿದ್ರು ಕಣಮ್ಮ."

"ನನಗೂ" ಎಂದಳು ತಂಗಿ. "ನಿನ್ನ ಕೈಯಲ್ಲಿ ಆಗೋದು ಇನ್ನೂ ಬೇಕಾದಷ್ಟಿದೆ, ಅವಕಾಶ ಸಿಕ್ಕಿಲ್ಲ ಅಂತಾನೂ ಅಂದ್ರು."

ಅಕ್ಕ ತೊಳೆಯಲು ಎತ್ತಿಕೊಂಡಿದ್ದ ಬ್ರಷ್ಷನ್ನು ಬಟ್ಟಲಲ್ಲಿ ಇಟ್ಟುಬಿಟ್ಟಳು. ಆಕೆಗೂ ಅಕ್ಷರಶಃ ಅದನ್ನೇ ಹೇಳಿದ್ದರು.

ಮೊದಲು ನಕ್ಕವಳು ತಂಗಿ. ಎಷ್ಟೋ ದಿನದ ಮೇಲೆ ಅವಳ ನಗು ಕೇಳಿಸಿತು. ಆಮೇಲೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಡಂ ಟೋಪಿ ಜಾರದಂತೆ ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡು ನಗುತ್ತಿದ್ದರು.

"ಈ ಮಾತು ಯಾರಿಗೆ ಹೇಳಿದ್ರೂ ಹೊಂದುತ್ತೆ" ಎಂದರು ಮೇಡಂ. "ಯಾರಿಗೆ ತಾನೆ ಒಂದೊಂದು ಸಲ ಒಬ್ಬರೇ ಇರ್ಬೇಕು ಅನ್ಸಲ್ಲ? ಇದು ನನಗೋಸ್ಕರಾನೇ ಹೇಳಿದ್ದು ಅಂತ ಅನ್ಸಿದ ತಕ್ಷಣ ನಮ್ಮ ಮನಸ್ಸು ಹೊಂದೋದನ್ನ ಹಿಡ್ಕೊಳ್ಳುತ್ತೆ, ಹೊಂದದೇ ಇರೋದನ್ನ ಬಿಟ್ಬಿಡುತ್ತೆ. ಓದಿದಾಗ ನಿಜ ಅನ್ಸೋದೇ ಬೇರೆ, ಪರೀಕ್ಷೆ ನಿಜ ಆಗಿರೋದೇ ಬೇರೆ."

ಆದರೆ ಅಕ್ಕ ಅಷ್ಟು ಸುಲಭಕ್ಕೆ ಸೋಲುವವಳಲ್ಲ. "ನೀವು ನಮ್ಮನ್ನ ಏನೂ ಕೇಳಿಲ್ಲ ಮೇಡಂ. ಫೋನು ಹಾಗಲ್ಲ. ಪ್ರಶ್ನೆ ಕೇಳಿ, ಉತ್ತರ ನೋಡ್ಕೊಂಡು ಹೇಳುತ್ತೆ."

"ನ್ಯಾಯವಾದ ಮಾತು. ಹಾಗಾದ್ರೆ ಇನ್ನೊಂದ್ಸಲ ಉತ್ತರ ಒತ್ತಿ ನೋಡಿ. ಅಳತೆ ಪಟ್ಟಿ ನೆಟ್ಟಗಿದ್ರೆ ಇವತ್ತು ಅಳೆದ್ರೂ ಹೋದ ತಿಂಗಳು ಅಳೆದ್ರೂ ಒಂದೇ ಬರ್ಬೇಕು, ಅಲ್ವಾ ಟೈಲರಮ್ಮ?"

ಅಕ್ಕ ಫೋನು ತೆಗೆದು ಶುರುಮಾಡಿದಳು. ಮೊದಲನೆಯ ಪ್ರಶ್ನೆಗೇ ಬೆರಳು ನಿಂತಿತು. 'ಹೊಸಬರ ಜೊತೆ ಮಾತಾಡುವುದು ನಿಮಗೆ ಇಷ್ಟವೇ?'

"ಯಾವ ಹೊಸಬರು ಅಂತಾನೇ ಕೇಳಿಲ್ವಲ್ಲ" ಎಂದು ಗೊಣಗಿದಳು. "ಗಿರಾಕಿ ಆದ್ರೆ ಇಷ್ಟ. ನಮ್ಮೆಜಮಾನ್ರ ಕಡೆ ನೆಂಟರಾದ್ರೆ..." ಎನ್ನುತ್ತಾ ಮೈಕುವಿನ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು.

"ನಮ್ಮ ಕಡೆಯವರು ನನಗೂ ಇಷ್ಟ ಇಲ್ಲ ಅತ್ತಿಗೆ, ಒತ್ತಿ ಒತ್ತಿ" ಎಂದಳು ಮೈಕು.

ಹೌದೂ ಅಲ್ಲದ ಇಲ್ಲವೂ ಅಲ್ಲದ ಕಡೆಯೆಲ್ಲ ಕಣ್ಣು ಮುಚ್ಚಿ ಒಂದನ್ನು ಒತ್ತುತ್ತಾ ಅಕ್ಕ ಕೊನೆ ಮುಟ್ಟಿದಳು. ಫೋನಿನಲ್ಲಿ 'ಅಲೆಮಾರಿ ಮೋಡ' ಎಂದು ಬಂತು. 'ಜವಾಬ್ದಾರಿ ನಿಮಗೆ ಹೊರೆ' ಎಂದು ಕೆಳಗೆ ಬರೆದಿತ್ತು. ಬೀದಿಗೆಲ್ಲ ದೀಪಸ್ತಂಭ ಎಂದು ಹೇಳಿಕೊಂಡು ಬಂದಿದ್ದ ಅಕ್ಕನ ಮುಖ ನೋಡಬೇಕಿತ್ತು.

"ಹಾಗಾದ್ರೆ ಇವೆಲ್ಲ ಬರೀ ಸುಳ್ಳಾ ಮೇಡಂ?" ಎಂದು ಕೇಳಿದ್ದು ತಂಗಿ.

"ಪೂರ್ತಿ ಸುಳ್ಳು ಅನ್ನಲ್ಲ ನಾನು. ನನಗೇನು ಇಷ್ಟ, ನಿನಗೇನು ಕಷ್ಟ ಅಂತ ಮಾತು ಶುರು ಮಾಡೋಕೆ ಒಳ್ಳೇದು. ಆದ್ರೆ ಜನ ಎಂಟು ಡಬ್ಬಿಯಲ್ಲಿ ಹಿಡಿಸಲ್ಲ. ಎಲ್ಲರ ಎತ್ತರಾನೂ ಬರೀ ಕುಳ್ಳ, ಉದ್ದ ಅಂತ ಎರಡೇ ಮಾಡಿದ್ರೆ ಹೇಗೆ? ಹೆಚ್ಚು ಜನ ನಡುವೇನೇ ಇರ್ತಾರೆ. ಮಾತಾಡೋದೂ ಹಾಗೇ, ಧೈರ್ಯಾನೂ ಹಾಗೇ. ನಡುವೆ ಇರೋರು ಇವತ್ತು ಈ ಡಬ್ಬಿಗೆ ಬೀಳ್ತಾರೆ, ನಾಳೆ ಆ ಡಬ್ಬಿಗೆ. ಸಂಶೋಧನೆ ಮಾಡಿದವರು ಡಬ್ಬಿ ಬಿಟ್ಟು, ಯಾವ ಗುಣ ಎಷ್ಟಿದೆ ಅಂತ ಅಳೆಯೋ ಪರೀಕ್ಷೆಗಳನ್ನ ಮಾಡಿದಾರೆ. ಅವನ್ನ ಮತ್ತೆ ಮತ್ತೆ ಪರೀಕ್ಷಿಸಿ ನೋಡಿದಾರೆ. ಅವು ಇದಕ್ಕಿಂತ ಎಷ್ಟೋ ವಾಸಿ. ಆದ್ರೂ ಅವು ಕೂಡ ನೀನು ಇಂಥ ಕೆಲಸಕ್ಕೆ ಲಾಯಕ್ಕಿಲ್ಲ ಅಂತ ತೀರ್ಪು ಕೊಡಲ್ಲ. ಈ ಬಗೆ ಹೇಳೋ ಪರೀಕ್ಷೆಗಳಲ್ಲಿ ಕೆಲವನ್ನ ನಡೆಸೋರೇ, ಕೆಲಸಕ್ಕೆ ಜನ ಆರಿಸೋಕೆ ಇದನ್ನ ಬಳಸಬೇಡಿ ಅಂತ ಹೇಳ್ತಾರೆ."

"ಮತ್ತೆ ಆರಿಸೋದು ಹೇಗೆ?" ಎಂದಳು ಅಕ್ಕ.

"ಕೆಲಸ ಕೊಟ್ಟು ನೋಡಿ ಅಕ್ಕ. ಅಷ್ಟೇ. ಈಗ ನನ್ನ ತಲೆ ತೊಳೀರಿ, ಬಣ್ಣ ಹೆಚ್ಚಾಗೋಯ್ತು."

ತಲೆ ತೊಳೆಯುವಾಗ ಅಕ್ಕನ ಕೈ ನಿಧಾನವಾಯಿತು. ತಾನು ಪರೀಕ್ಷೆಯನ್ನು ಅಷ್ಟು ಗಟ್ಟಿಯಾಗಿ ನಂಬಿದ್ದೇಕೆ ಎಂದು ಆಕೆಗೆ ಹೊಳೆದಿತ್ತು. ಇಬ್ಬರಲ್ಲಿ ಒಬ್ಬರನ್ನು ಆರಿಸುವ ಕಷ್ಟದಿಂದ ಫೋನು ತನ್ನನ್ನು ಪಾರು ಮಾಡಿತ್ತು. ಮೇಡಂ ಹೋದ ಮೇಲೆ ಆಕೆ ಇಬ್ಬರನ್ನೂ ಕೂರಿಸಿಕೊಂಡಳು.

"ತಪ್ಪು ನಂದು. ನಿಷ್ಠುರ ಆಗೋಕೆ ಹೆದರಿ ಫೋನಿನ ಹಿಂದೆ ಅವಿತುಕೊಂಡೆ. ಈಗ ಹೀಗೆ ಮಾಡೋಣ. ಒಂದು ದಿನ ಇವಳು, ಒಂದು ದಿನ ಅವಳು, ಈ ಅಂಗಡೀನ ಪೂರ್ತಿ ನಡೆಸಿ. ನಾನು ಗಿರಾಕಿ ಹಾಗೆ ಮೂಲೇಲಿ ಕೂತಿರ್ತೀನಿ. ಆಮೇಲೆ ನಿರ್ಧಾರ ನಂದು. ಬೈಯೋದಿದ್ರೆ ನನ್ನನ್ನೇ ಬೈಯಿರಿ."

ಮೈಕುವಿನ ದಿನ ಅಂಗಡಿ ಮದುವೆಮನೆಯಾಯಿತು. ಬೀದಿಯಲ್ಲಿ ಹೋಗುವವರನ್ನೂ ಮಾತಾಡಿಸಿ ಒಳಗೆ ಕರೆದಳು. ಆದರೆ ಒಂದೇ ಹೊತ್ತಿಗೆ ಮೂವರಿಗೆ ಬನ್ನಿ ಎಂದಿದ್ದಳು. ಹೊಸ ಗಿರಾಕಿಗೆ ಬಣ್ಣ ಹಚ್ಚುವ ಮುಂಚೆ ಕಿವಿಯ ಹಿಂದೆ ಚೂರು ಹಚ್ಚಿ, ತುರಿಕೆ ಏಳುತ್ತದೆಯೇ ಎಂದು ನೋಡಬೇಕೆಂಬುದು ಮಾತಿನ ಭರದಲ್ಲಿ ಮರೆತೇಹೋಯಿತು. ಬ್ರಷ್ಷು ತಲೆಗೆ ತಾಗುವ ಮುಂಚೆ ತಂಗಿ ನೋಡಿ ಕೈ ಹಿಡಿದುಕೊಂಡದ್ದರಿಂದ ಎಡವಟ್ಟು ತಪ್ಪಿತು.

ತಂಗಿಯ ದಿನ ಗದ್ದಲವಿಲ್ಲ. ಯಾರೂ ಕಾಯಲಿಲ್ಲ. ಮಧ್ಯಾಹ್ನ ಒಬ್ಬ ಹೆಂಗಸು, ಹಿಂದೊಮ್ಮೆ ಇಲ್ಲೇ ಮಾಡಿಸಿಕೊಂಡ ಕಟ್ ಕೆಟ್ಟಿದೆ ಎಂದು ಕೂಗಾಡುತ್ತಾ ಬಂದಳು. ತಂಗಿ ಎದುರು ಮಾತಾಡಲಿಲ್ಲ. ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ಕೂತು, ಆಕೆ ಹೇಳುವುದನ್ನು ಪೂರ್ತಿ ಕೇಳಿ, "ಒಂದು ಕಡೆ ತುಸು ಉದ್ದ ಉಳಿದಿದೆ, ಸರಿ ಮಾಡ್ತೀನಿ" ಎಂದಳು. ಹೋಗುವಾಗ ಆ ಹೆಂಗಸು ಮುಂದಿನ ಸಲಕ್ಕೆ ಹೊತ್ತು ಗೊತ್ತು ಮಾಡಿಕೊಂಡೇ ಹೋದಳು. ಆದರೆ ಬಾಗಿಲು ಮುಚ್ಚುವ ಹೊತ್ತಿಗೆ ಬಂದವರಿಗೆ 'ಇವತ್ತಾಗಲ್ಲ' ಎನ್ನಲು ಮಾತ್ರ ತಂಗಿಗೆ ಬಾಯಿ ಬರಲಿಲ್ಲ. ಎಲ್ಲರನ್ನೂ ಕೂರಿಸಿಕೊಂಡು ಸುಸ್ತಾಗಿ ಬಿದ್ದಳು.

ಅಕ್ಕ ಬಾಯಿ ತೆರೆಯುವ ಮುಂಚೆಯೇ ಮೈಕು ಮಾತಾಡಿದಳು. "ಅತ್ತಿಗೆ, ಬೀಗದಕೈ ಅವಳ ಹತ್ರ ಇರಲಿ. ಬಾಗಿಲು ನನ್ನ ಹತ್ರ ಇರಲಿ. ಜನಾನ ಒಳಗೆ ಕರೆಯೋದು ನಾನು, ಹೊತ್ತಾಯ್ತು ನಾಳೆ ಬನ್ನಿ ಅನ್ನೋದೂ ನಾನೇ. ಒಳಗಿನ ಯಜಮಾನಿಕೆ ಅವಳದ್ದು. ನಿಮ್ಮ ತಂಗಿ ಅಂತಲ್ಲ. ನಿನ್ನೆ ನನ್ನ ಕೈ ಹಿಡ್ಕೊಂಡ್ಲಲ್ಲ, ಅದಕ್ಕೆ."

"ನನಗೆ ನಡುನಡುವೆ ಸ್ವಲ್ಪ ಹೊತ್ತು ಮಾತಿಲ್ದೆ ಕೂರೋಕೆ ಬೇಕು" ಎಂದಳು ತಂಗಿ. "ಆಗ ಮುಂದಿನ ಗಿರಾಕೀನ ನೀನು ನೋಡ್ಕೊಂಡ್ರೆ ನಾನು ನಡೆಸ್ತೀನಿ."

"ಹಾಗೇ ಆಗಲಿ. ಯಾರು ಏನಂದ್ರೂ ಉತ್ತರ ಕೊಡೋದು ನಾನು" ಎಂದಳು ಅಕ್ಕ. ಆಕೆಗೆ ಕುಣಿಯುವಷ್ಟು ಖುಷಿಯಾಗಿತ್ತು. ಗಂಡ ವ್ಯಾನಿನಲ್ಲಿ ಹೊಸ ಕುರ್ಚಿಗಳನ್ನು ಹೇರಿಕೊಂಡು ಬಂದ. ಹೊಸ ಅಂಗಡಿ ತೆರೆದ ದಿನ ಬೆಳಿಗ್ಗೆಯೇ ಬಾಗಿಲ ಹೊರಗೆ ಸಾಲು ನಿಂತಿತು. ಸಾಲನ್ನು ನಗಿಸುತ್ತಾ ಮೈಕು ನಿಂತಿದ್ದಳು. ಒಳಗೆ ತಂಗಿ, ಯಾರನ್ನೂ ಏನೂ ಕೇಳದೆ, ಮೊದಲ ಗಿರಾಕಿಯ ಕೂದಲಿಗೆ ಕತ್ತರಿ ಇಟ್ಟಳು.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಅಂಥ ಪರೀಕ್ಷೆ ನಿಮ್ಮ ಫೋನಿಗೂ ಬಂದರೆ ಧಾರಾಳವಾಗಿ ಆಡಿ, ನಗಿ, ಮನೆಯವರ ಜೊತೆ ಅದರ ಮೇಲೆ ಮಾತಾಡಿ. ಸ್ವಲ್ಪ ದಿನ ಬಿಟ್ಟು ಮತ್ತೊಮ್ಮೆ ಉತ್ತರ ಕೊಟ್ಟು, ಅದೇ ಬರುತ್ತದೆಯೇ ನೋಡಿ. ಆದರೆ ಅದನ್ನು ನಂಬಿ ಯಾರಿಗೂ ಕೆಲಸ ತಪ್ಪಿಸಬೇಡಿ, ಮಕ್ಕಳ ಓದು ನಿಲ್ಲಿಸಬೇಡಿ, ಸಂಬಂಧ ಮುರಿಯಬೇಡಿ. ಮನಸ್ಸಿಗೆ ನಿಜವಾಗಿ ಕಷ್ಟವಾಗಿದ್ದರೆ ಫೋನನ್ನು ಬದಿಗಿಟ್ಟು, ಅದನ್ನೇ ಓದಿ ತಿಳಿದ ವೈದ್ಯರನ್ನೋ ಆಪ್ತ ಸಮಾಲೋಚಕರನ್ನೋ ಕಾಣಿ. ನಿಮ್ಮ ಮನೆಯಲ್ಲೂ ಮೂಲೆ ಹಿಡಿದು ಕೂತ ಒಬ್ಬರಿರಬಹುದು. ಅವರು ಯಾವ ಬಗೆ ಎಂದು ಕೇಳಬೇಡಿ. ಒಂದು ದಿನದ ಜವಾಬ್ದಾರಿ ಕೊಟ್ಟು ನೋಡಿ.