ಸಾವಿದ್ದ ಮನೆಗಳ ಸಾಸಿವೆ

ಸೀಮಾ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅವಳ ತಾಯಿ, ನನ್ನ ಚಿಗವ್ವ ಉಡಚವ್ವ, ಇನ್ನೂ ಒಗ್ಗರಣೆ ಹಾಕಿರಲಿಲ್ಲ. ಸೂತಕದ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಒಗ್ಗರಣೆ ಇರುವುದಿಲ್ಲ. ಅದು ಮುಗಿದ ಮೇಲೆ ಸಾಸಿವೆ ಸಿಡಿದರೆ, ಆ ಮನೆ ಮತ್ತೆ ನಡೆಯತೊಡಗಿತು ಎಂದು ಓಣಿಗೆ ತಿಳಿಯುತ್ತದೆ. ಚಿಗವ್ವ ಸಾಸಿವೆ ಡಬ್ಬಿಯನ್ನೇ ಮುಟ್ಟಲಿಲ್ಲ. ಮಗಳ ಹೆಸರನ್ನೂ ಎತ್ತಲಿಲ್ಲ.

ಎಂ.ಎ. ಮುಗಿಸಿ, ಬುದ್ಧನ ಕಥೆಗಳಿಂದ ಜನರ ಬಾಯಿಗೆ ಬಂದ ಮಾತುಗಳನ್ನು ನಾನು ಆಗ ಕೂಡಿಸುತ್ತಿದ್ದೆ. ಸಮಾಧಾನವಾದೀತೆಂದು ಒಂದು ಸಂಜೆ ಅವಳಿಗೆ ಸಾಸಿವೆಯ ಕಥೆ ಹೇಳಿದೆ. ಸತ್ತ ಮಗುವನ್ನು ಬದುಕಿಸಿಕೊಡು ಎಂದು ತಾಯಿಯೊಬ್ಬಳು ಬೇಡಿದಳು. ಸಾವು ಕಾಣದ ಮನೆಯಿಂದ ಸಾಸಿವೆ ತಾ ಎಂದ ಬುದ್ಧ. ಊರೆಲ್ಲ ತಿರುಗಿದರೂ ಅಂಥ ಮನೆ ಸಿಗಲಿಲ್ಲ.

"ಬರಿಗೈಲೆ ಬಂದ್ಲೇನು?" ಚಿಗವ್ವ ಕೇಳಿದಳು.

"ಹೂಂ."

"ಊರ ತುಂಬ ಸಾಸಿವಿ ಇತ್ತಲ್ಲೋ ಅರ್ಜುನ. ಕೊಡೋರೂ ಇದ್ರು."

ಮಗ್ಗದ ಮುಂದೆ ಕುಳಿತಿದ್ದ ಅವಳ ಗಂಡ ಹೊಳೆಯಪ್ಪ ಕಾಕಾ ತಲೆಯೆತ್ತದೆ ಅಂದ, "ಎಮ್ಮೆ ಮಾಡಿದವನ, ಹೇಳೋ ಈಗ."



ಮರುದಿನ ಬೆಳಿಗ್ಗೆ ಚಿಗವ್ವ ಒಂದು ಬಟ್ಟಲು ಹಿಡಿದು ಹೊರಟಳು. ನಾನು ಹಿಂದೆ ಹೋದೆ. ಮೊದಲು ಜನ್ನತಬಿಯ ಮನೆ.

"ಒಂದು ಚಿಟಿಕಿ ಸಾಸಿವಿ ಕೊಡು. ನಿಮ್ಮ ಮನಿಯಾಗ ಹೋದವರ ಹೆಸರು ಹೇಳಿ ಕೊಡು."

"ಅಂತೂ ಹೊಳೆಯಪ್ಪಣ್ಣನ ಸಪ್ಪನ ಸಾರು ಮುಗೀತನ್ನು," ಎಂದು ನಕ್ಕ ಜನ್ನತಬಿ, ಕೊನೆಯ ಮಾತು ಕಿವಿಗೆ ಇಳಿದಂತೆ ಮಗ್ಗ ನಿಲ್ಲಿಸಿದಳು. ಎದ್ದು ಹೋಗಿ ಒಂದು ಚಿಟಿಕೆ ಸಾಸಿವೆ ತಂದಳು. ಆಮೇಲೆ, "ಮಹಬೂಬಸಾಬ," ಎಂದಳು. ಗಂಡನ ಹೆಸರನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಪಕ್ಕದ ಮನೆಯ ಮಂಜವ್ವ ತನ್ನ ಅತ್ತೆಯ ಹೆಸರು ಹೇಳಿ ಒಂದು ಚಿಟಿಕೆ ಹಾಕಿದಳು. ಎರಡನೆಯ ಚಿಟಿಕೆ ಬೆರಳಲ್ಲೇ ಉಳಿಯಿತು.

"ಇದಕ್ಕ ಹೆಸರಿಲ್ಲವ್ವ. ತೊಟ್ಟಲಕ್ಕ ಹಾಕೂದ್ರಾಗ ಕೂಸು ಹೋತು."

ಚಿಗವ್ವ ಬಟ್ಟಲನ್ನು ಇನ್ನಷ್ಟು ಮುಂದೆ ಹಿಡಿದಳು.

ಅವಳು ನಡೆದಂತೆ ಓಣಿಯ ಮಗ್ಗಗಳು ಒಂದೊಂದಾಗಿ ನಿಂತವು. ಹುಟ್ಟಿದಾಗಿನಿಂದ ಆ ಸದ್ದಿನಲ್ಲೇ ಬೆಳೆದ ನನಗೆ, ಅದರ ಕೆಳಗೆ ಸತ್ತವರ ಇಷ್ಟು ಹೆಸರುಗಳಿದ್ದವೆಂದು ಗೊತ್ತಿರಲಿಲ್ಲ. 

ಮನೆಗೆ ಬಂದು ಎಣ್ಣೆ ಕಾಯಿಸಿದಳು. ಬಟ್ಟಲಿನಲ್ಲಿ ಸಣ್ಣ ಕಾಳು, ದಪ್ಪ ಕಾಳು, ಕೆಂಪು, ಕಪ್ಪು ಎಲ್ಲ ಬೆರೆತಿದ್ದವು. ಕಾಕಾ ಬಂದು ಬಾಗಿಲಲ್ಲಿ ನಿಂತ. ಚಿಗವ್ವ ತನ್ನ ಡಬ್ಬಿಯ ಮುಚ್ಚಳ ತೆಗೆದು ಒಂದು ಚಿಟಿಕೆ ತೆಗೆದುಕೊಂಡಳು.

"ಸೀಮಾ," ಎಂದಳು.

ಬಟ್ಟಲು ಎಣ್ಣೆಗೆ ಬೋರಲಾಯಿತು. ಓಣಿ ಇನ್ನೂ ಸುಮ್ಮನಿತ್ತು. ಸಿಡಿದದ್ದು ಕೊನೆಯ ಮನೆಯವರೆಗೂ ಕೇಳಿಸಿರಬೇಕು.