ಅವಸರದ ಕಪ್ಪು

ಲಿಂಡನ್ ವಾಸ್‌ಬರ್ಗ್ ಯಾರ ಕಾರನ್ನೂ ಮುಂಭಾಗದಿಂದ ಮಾತನಾಡಿಸಿದವನಲ್ಲ. ಬೇಸಿಗೆಯ ಭಾನುವಾರಗಳಲ್ಲಿ ನಮ್ಮ ಓವಾಸೊ ಊರಿನ ಮೈದಾನದಲ್ಲಿ ಹಳೆಯ ಕಾರುಗಳು ಪ್ರದರ್ಶನಕ್ಕೆ ಸಾಲಾಗಿ ನಿಂತು, ಜನರೆಲ್ಲ ಅವುಗಳ ಬಣ್ಣಕ್ಕೂ ಎಂಜಿನ್ನಿನ ಗರ್ಜನೆಗೂ ಮಾರುಹೋಗುತ್ತಿದ್ದರೆ, ಈತ ಮಾತ್ರ ಎಡಗಾಲನ್ನು ಕೊಂಚ ಎಳೆಯುತ್ತ ನೇರ ಹಿಂಬದಿಗೆ ನಡೆದು, ಕಂದು ಕಾರ್ಡುರಾಯ್ ಕೋಟಿನ ಸಮೇತ ಹುಲ್ಲಿನ ಮೇಲೆ ಅಂಗಾತ ಮಲಗಿ, ಹಿಂದಿನ ಚಕ್ರಗಳೆರಡನ್ನೂ ಹೊತ್ತ ಅಚ್ಚನ್ನು ದಿಟ್ಟಿಸುತ್ತಿದ್ದ. ಆ ಕೋಟಿನ ಬೆನ್ನಿಗೆ ಮೆತ್ತಿದ ಎಣ್ಣೆಯ ಕಲೆ ಯಾವ ಸೋಪಿಗೂ ಜಗ್ಗಿರಲಿಲ್ಲ. ಕೈಕುಲುಕಲು ಬಂದ ಕಾರಿನ ಯಜಮಾನನಿಗೆ ಸಿಗುತ್ತಿದ್ದುದು ಒಂದು ಜೋಡಿ ಬೂಟು, ಮತ್ತು ಕಾರಿನಡಿಯಿಂದ ಹೊರಡುವ ಒಂದು ಮಾತು: "ಬಲು ಚೆನ್ನಾಗಿದೆ ಮಾರಾಯ, ಅದೇ ತಪ್ಪು."

ಅವನ ಸಿದ್ಧಾಂತವೇ ಅದು. ಕಾರ್ಖಾನೆಯಲ್ಲಿ ಅಚ್ಚಿಗೆ ಬಣ್ಣ ಹೊಡೆದವರು ಅದನ್ನು ಅಲಂಕಾರವೆಂದು ಎಣಿಸಿದವರಲ್ಲ. ಕೊಕ್ಕೆಗೆ ತೂಗುಬಿದ್ದು ಸಾಗುತ್ತಿದ್ದ ಕಬ್ಬಿಣದ ಮೇಲೆ ತೆಳು ಕಪ್ಪನ್ನು ಒಮ್ಮೆ ಎರಚಿ ಕೈತೊಳೆದುಕೊಳ್ಳುತ್ತಿದ್ದರು. ಮೇಲ್ಭಾಗಕ್ಕೆ ಅರೆಬರೆ ಬಣ್ಣ, ಕೆಳಗೆ ಇಳಿದು ಗಟ್ಟಿಯಾದ ಹನಿಗಳು, ನಡುವಿನ ಉಬ್ಬಿನಲ್ಲಿ ಬೂದುಬಣ್ಣದ ಬರಿಯ ಎರಕದ ಕಬ್ಬಿಣ. ಇಂದಿನವರು ಅದನ್ನೇ ತಿಕ್ಕಿ ತೀಡಿ ಕನ್ನಡಿಯಂತೆ ಹೊಳೆಸುವುದನ್ನು ಕಂಡರೆ ಲಿಂಡನ್‌ಗೆ ಸಹಿಸಲಾಗುತ್ತಿರಲಿಲ್ಲ.

ವಿಚಿತ್ರವೆಂದರೆ, ಊರಿನಲ್ಲಿ ಅವನಷ್ಟು ಅಚ್ಚುಕಟ್ಟಿನ ಮನುಷ್ಯ ಇನ್ನೊಬ್ಬನಿರಲಿಲ್ಲ. ಹೋಟೆಲಿನ ಕಾಗದದ ಕರವಸ್ತ್ರವನ್ನೂ ಅಂಚಿಗೆ ಅಂಚು ಕೂಡಿಸಿ ಮಡಚುವ ಕೈ ಅದು. ಆ ಕೈಗೆ ಈಗ ಒಂದು ಕಠಿಣ ಪರೀಕ್ಷೆ ಬಂದಿತ್ತು. ಅವನ ಅಣ್ಣ ಮೆರಿಟ್ ಪ್ರಾಯದಲ್ಲಿ ಅಂಥದೇ ಒಂದು ಕಾರು ಕಾರ್ಖಾನೆಯಲ್ಲಿ ಅಚ್ಚುಗಳಿಗೆ ಬಣ್ಣ ಹೊಡೆದವನು, ಅಲ್ಲಿಯದೇ ಕಾರು ಕೊಂಡವನು. ಶ್ವಾಸಕೋಶ ಸೋಲುತ್ತಿದ್ದ ಆತ, ಕಾರು ಮನೆಗೆ ಬಂದ ದಿನ ಇದ್ದಂತೆ ಅದನ್ನು ಒಮ್ಮೆ ನೋಡಬೇಕೆಂದಿದ್ದ. ಲಿಂಡನ್ ಅದನ್ನು ತನ್ನ ಶೆಡ್ಡಿಗೆ ತಂದು ಮೊದಲಿನಂತೆ ಮಾಡತೊಡಗಿದ್ದ. ಮಿಕ್ಕೆಲ್ಲ ಮುಗಿದಿತ್ತು, ಅಚ್ಚೊಂದು ಬಿಟ್ಟು. ಲಿಂಡನ್ ಬಣ್ಣ ಹೊಡೆಯುವನು. ಹನಿಗಳು ಸಿಪಾಯಿಗಳಂತೆ ಸಾಲಾಗಿ ನಿಲ್ಲುವವು. ಕೆರೆದು ತೆಗೆದು ಮತ್ತೆ ಹೊಡೆಯುವನು. ಎಷ್ಟು ಹೆಣಗಿದರೂ ಆ ಕೈಗೆ ಅಜಾಗರೂಕತೆ ಒಲಿಯಲಿಲ್ಲ.

"ಅಲ್ಲಯ್ಯ, ಬಗ್ಗಿ ಕೆಳಗೆ ಯಾರು ನೋಡ್ತಾರೆ?" ಎಂದಳು ಅತ್ತಿಗೆ ಆರ್ಲೀನ್.

"ಮೆರಿಟ್ ನೋಡ್ತಾನೆ."

"ಅವನಿಗೆ ಹಾಸಿಗೆಯಿಂದ ಏಳೋದೇ ಕಷ್ಟ. ನೀನು ಹನಿ ಎಣಿಸ್ತಾ ಕೂತಿರು."

ಆ ಮಾತು ಅವನಿಗೆ ನಾಟಿತು. ಅಣ್ಣನ ಉಸಿರು ನಿಲ್ಲುವ ಮೊದಲು ಕೆಲಸ ಮುಗಿಯದೇ ಹೋದೀತೆಂಬ ಭಯ ಅವನ ಊಟ ನಿದ್ದೆಗಳನ್ನು ಕಸಿದುಕೊಂಡಿತು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಆರ್ಲೀನ್ ಫೋನ್ ಮಾಡಿದಳು: "ಇವತ್ತು ಉಸಿರು ಪರವಾಗಿಲ್ಲ. ಕಾರು ನೋಡ್ಲೇಬೇಕು ಅಂತ ಹಟ ಹಿಡಿದಿದ್ದಾನೆ. ಹೊರಟ್ವಿ." ಆಗಷ್ಟೇ ಕೆರೆದ ಅಚ್ಚು ಸರಪಳಿಯಲ್ಲಿ ಬೆತ್ತಲೆಯಾಗಿ ತೂಗುತ್ತಿತ್ತು. ಲಿಂಡನ್ ಕೋಟನ್ನೂ ಕಳಚದೆ, ಕಣ್ಣು ರಸ್ತೆಯ ಮೇಲೆ, ಕೈ ಅಚ್ಚಿನ ಮೇಲೆ, ಸಿಕ್ಕಲ್ಲಿ ಕಪ್ಪು ಎರಚಿದ. ಜಲ್ಲಿಯ ಮೇಲೆ ಚಕ್ರದ ಸದ್ದಾಯಿತು. ಅರ್ಧಕ್ಕೇ ನಿಲ್ಲಿಸಿದ.

ಮೂಗಿಗೆ ಆಮ್ಲಜನಕದ ನಳಿಗೆ ಹೊತ್ತ ಮೆರಿಟ್ ಗಾಲಿಕುರ್ಚಿಯಲ್ಲಿ ಬಾಗಿಲ ಹೊರಗೇ ಕೂತು, ತೂಗುವ ಅಚ್ಚನ್ನು ಬಹಳ ಹೊತ್ತು ನೋಡಿದ.

"ಯಾರು ಹೊಡೆದದ್ದು?"

"ನಾನೇ. ಗಡಿಬಿಡೀಲಿ ಕೆಟ್ಟುಹೋಯ್ತು. ಕೆರೆದು ಮತ್ತೆ ಹೊಡೀತೀನಿ."

"ಮುಟ್ಟಿದರೆ ನೋಡು. ಊಟದ ಗಂಟೆ ಆಗೋ ಹೊತ್ತಿಗೆ ನಾವು ಹೀಗೇ ಹೊಡೀತಿದ್ದದ್ದು." ಮೆರಿಟ್ ಕೆಮ್ಮುವಷ್ಟು ನಕ್ಕ. "ಇದು ನನ್ನ ಕೈ ಕಣೋ."

ಮೊದಲ ಹಿಮ ಬೀಳುವ ಮುನ್ನ ಮೆರಿಟ್ ತೀರಿಕೊಂಡ. ಮರುವರ್ಷದ ಪ್ರದರ್ಶನದಲ್ಲಿ ಹೊಸ ತೀರ್ಪುಗಾರನೊಬ್ಬ ಆ ಕಾರಿನಡಿ ಇಣುಕಿ, ಅಚ್ಚಿನ ಬಣ್ಣ ಬೇಜವಾಬ್ದಾರಿಯದೆಂದು ಅಂಕ ಕಳೆದ. ಅಂಥ ಮಾತಿಗೆ ಅರ್ಧ ದಿನ ವಾದಿಸುತ್ತಿದ್ದ ಲಿಂಡನ್, "ಹೌದಪ್ಪ, ನಮ್ಮಣ್ಣನಿಗೆ ಊಟದ ಹೊತ್ತಾಗಿತ್ತು" ಎಂದು ಕೋಟು ಕೊಡವಿಕೊಂಡ.

ಅಂದವನ್ನು ಬಯಸುವವರು ಲೋಕದಲ್ಲಿ ಬಹಳ. ಇದ್ದುದು ಇದ್ದಂತೆಯೇ ಇರಲೆಂದು ಹಂಬಲಿಸುವ ಲಿಂಡನ್‌ನಂಥವರು ವಿರಳ. ಅವರೊಡನೆ ಏಗುವುದು ಕಷ್ಟವೇ. ಆದರೆ ಅಂಥವರ ಬಳಿ ತೀರಿಹೋದವರ ಅವಸರವೂ ಒರೆಸದೆ ಉಳಿದಿರುತ್ತದೆ.